ಮುಟ್ಟು ನಿಲ್ಲುವ ಹೊತ್ತಿನ ಮನಸ್ಸು: ಹಾರ್ಮೋನು, ಡಿಪ್ರೆಶನ್ ಗುಳಿಗೆ ಎರಡೂ ಒಟ್ಟಿಗೆ ತಗೊಂಡವರು ಇದ್ದೀರಾ?

ತೋಟದಮನೆ, ಶಿರಸಿ ಕಡೆ · ಜುಲೈ 6

ಬರೆಯಲೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿ ಬರೆಯುತ್ತಿದ್ದೇನೆ.

ನನಗೆ 48. ಒಂದೂವರೆ ವರ್ಷದಿಂದ ಮುಟ್ಟಿನ ಲೆಕ್ಕ ತಪ್ಪಿದೆ. ಒಮ್ಮೆ ಹದಿನೆಂಟು ದಿನಕ್ಕೇ ಬರುತ್ತದೆ, ಒಮ್ಮೆ ಮೂರು ತಿಂಗಳು ಸುದ್ದಿಯೇ ಇಲ್ಲ. ರಾತ್ರಿ ಎರಡೂವರೆಗೆ ಎಚ್ಚರ. ಎದೆಯಿಂದ ಬಿಸಿ ಏರಿ ಮುಖಕ್ಕೆ ಬರುತ್ತದೆ, ಐದು ನಿಮಿಷದಲ್ಲಿ ರವಿಕೆ ಹಿಂಡುವಷ್ಟು ಒದ್ದೆ. ಆಮೇಲೆ ಚಳಿ. ಇದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ.

ಕಳೆದ ಕೊಯ್ಲಿನ ಹೊತ್ತಿಗೆ ಬೇರೆಯೇ ಶುರುವಾಯಿತು. ಅಡಿಕೆ ಸುಲಿಯಲು ಬಂದವರಿಗೆ ಚಹಾ ಇಡಲು ಒಳಗೆ ಹೋದವಳು ಒಲೆ ಮುಂದೆ ಕೂತು ಅಳತೊಡಗಿದೆ. ಹಾಲು ಉಕ್ಕಿ ಚೆಲ್ಲಿತು, ನಾನು ಏಳಲಿಲ್ಲ. ಆಮೇಲೆ ಎರಡು ತಿಂಗಳು ಹಾಗೇ. ಯಾರ ಫೋನೂ ಬೇಡ, ಯಾರ ಮನೆಯ ಕಾರ್ಯವೂ ಬೇಡ. ಊಟ ರುಚಿಸಲಿಲ್ಲ. ಮಗಳು ಬೆಂಗಳೂರಿನಿಂದ ಬಂದವಳು ನೋಡಿ ಹೆದರಿ ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ಮನೋವೈದ್ಯರು ಎಸ್ಸಿಟಾಲೊಪ್ರಾಮ್ 10 ಮಿಲಿಗ್ರಾಂ ಕೊಟ್ಟರು. ಈಗ ಐದನೇ ತಿಂಗಳು. ಅಳು ನಿಂತಿದೆ, ಊಟ ಸೇರುತ್ತದೆ. ಆದರೆ ಬೆವರು, ನಿದ್ದೆಗೇಡು, ಮೂಗಿನ ತುದಿಯ ಸಿಟ್ಟು ಹಾಗೇ ಇವೆ.

ಈಗ ಶಿರಸಿಯ ಗೈನಿಕ್ ಡಾಕ್ಟರು ಈಸ್ಟ್ರೋಜನ್ ಜೆಲ್ ಮತ್ತು ರಾತ್ರಿಗೆ ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ. ಚೀಟಿ ಮೂರು ವಾರದಿಂದ ಕಪಾಟಿನಲ್ಲಿದೆ. ಮೆಡಿಕಲ್ ಶಾಪಿನ ಹುಡುಗ ‘ಅಕ್ಕಾ, ಇದನ್ನೂ ಅದನ್ನೂ ಒಟ್ಟಿಗೆ ತಗೊಳ್ತೀರಾ?’ ಎಂದು ಕೇಳಿದ. ಅತ್ತಿಗೆ ಕ್ಯಾನ್ಸರ್ ಅಂದಳು. ಅಷ್ಟು ಸಾಕಾಯಿತು, ವಾಪಸ್ ಬಂದೆ.

ಒಟ್ಟಿಗೆ ತಗೊಂಡವರು ಯಾರಾದರೂ ಇದ್ದೀರಾ?

ಹೊಳೆಸಾಲು, ಕುಮಟಾ · ಜುಲೈ 6

ಅಕ್ಕಾ, ನನ್ನ ಕತೆಯನ್ನೇ ನೀವು ಬರೆದ ಹಾಗಿದೆ. ನಾನು ಎರಡೂ ತಗೊಳ್ಳುತ್ತಿದ್ದೇನೆ. ರಾತ್ರಿ ವಿವರವಾಗಿ ಬರೆಯುತ್ತೇನೆ, ಈಗ ಪೇಪರ್ ತಿದ್ದುವುದು ರಾಶಿ ಬಿದ್ದಿದೆ.

ಕಾಡಂಚು, ಯಲ್ಲಾಪುರ · ಜುಲೈ 6

ಬೇಜಾರು ಮಾಡಿಕೊಳ್ಳಬೇಡಿ, ನೇರ ಹೇಳುತ್ತೇನೆ. ಇದು ರೋಗವೇ ಅಲ್ಲ. ನಮ್ಮ ಆಯಿ, ಅವಳ ಆಯಿ ಎಲ್ಲರಿಗೂ ಮುಟ್ಟು ನಿಂತಿದೆ. ಯಾರೂ ಗುಳಿಗೆ ನುಂಗಲಿಲ್ಲ. ಒಂದೆಲಗದ ತಂಬುಳಿ, ಶತಾವರಿ, ಮೈತುಂಬ ಕೆಲಸ. ಈಗ ಎಲ್ಲದಕ್ಕೂ ಡಾಕ್ಟರು. ಒಂದಕ್ಕೆ ಇನ್ನೊಂದು, ಇನ್ನೊಂದಕ್ಕೆ ಮತ್ತೊಂದು.

ಗದ್ದೆಬಯಲು, ಸಿದ್ದಾಪುರ · ಜುಲೈ 6

ನಮ್ಮ ಅಜ್ಜಿಯೂ ಗುಳಿಗೆ ತಗೊಂಡವಳಲ್ಲ. ಆದರೆ ಆ ಎರಡು ವರ್ಷ ಅವಳು ಮೆತ್ತಿನ ಕೋಣೆಯಿಂದ ಕೆಳಗಿಳಿಯಲಿಲ್ಲ ಎಂದು ಅಪ್ಪ ಈಗಲೂ ಹೇಳುತ್ತಾರೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ್ದರಂತೆ. ಯಾರೂ ಏನೂ ತಗೊಳ್ಳಲಿಲ್ಲ ಅನ್ನುವುದು ನಿಜ. ಎಲ್ಲರೂ ಆರಾಮಾಗಿದ್ದರು ಅನ್ನುವುದು ನಾವು ಸೇರಿಸಿಕೊಂಡದ್ದು.

ಹಳೇ ಸಿಸ್ಟರ್, ಅಂಕೋಲಾ · ಜುಲೈ 7

ತಂಗೀ, ನನಗೆ 67, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನು ಡಾಕ್ಟರಲ್ಲ. 31 ವರ್ಷ ನರ್ಸ್ ಆಗಿದ್ದೆ, ಬಹುಪಾಲು ಹೆಂಗಸರ ವಾರ್ಡಿನಲ್ಲಿ.

ಮೊದಲು ಉತ್ತರ. ಒಟ್ಟಿಗೆ ತಗೊಳ್ಳಬಹುದು. ಎಸ್ಸಿಟಾಲೊಪ್ರಾಮ್, ಈಸ್ಟ್ರೋಜನ್ ಒಂದರ ಕೆಲಸವನ್ನು ಇನ್ನೊಂದು ಕೆಡಿಸುವ ಔಷಧಗಳಲ್ಲ. ಎರಡರ ಕೆಲಸವೂ ಬೇರೆ. ಅದು ಗೊತ್ತಾದರೆ ಹೆದರಿಕೆ ಅರ್ಧ ಹೋಗುತ್ತದೆ.

ಈ ವಯಸ್ಸಿನಲ್ಲಿ ಈಸ್ಟ್ರೋಜನ್ ಮೆಲ್ಲಗೆ, ಒಂದೇ ಸಮ ಇಳಿಯುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ನಮ್ಮ ಮಳೆಗಾಲದ ಕರೆಂಟಿನ ಹಾಗೆ ಅದು. ಒಮ್ಮೆ ಬಲ್ಬು ಒಡೆಯುವಷ್ಟು, ಒಮ್ಮೆ ದೀಪವೇ ಇಲ್ಲ. ಮಿದುಳಿನಲ್ಲಿ ಮನಸ್ಸಿನ ಹದ ಕಾಯುವ ಸಿರೊಟೋನಿನ್ ಎಂಬ ರಾಸಾಯನಿಕ ನಡೆಯುವ ಕ್ರಮಕ್ಕೆ ಈ ಈಸ್ಟ್ರೋಜನ್ ಸಂಬಂಧ ಇದೆ. ಅದಕ್ಕೇ ಕೆಲವರಿಗೆ ಮನಸ್ಸು ಹದ ತಪ್ಪುತ್ತದೆ. ಮೊದಲು ಯಾವತ್ತಾದರೂ ಖಿನ್ನತೆ ಬಂದವರಿಗೆ, ಬಾಣಂತನದಲ್ಲಿ ಮನಸ್ಸು ಕೆಟ್ಟವರಿಗೆ ಜಾಸ್ತಿ. ಹನ್ನೆರಡು ತಿಂಗಳು ಪೂರ್ತಿ ಮುಟ್ಟಾಗದೇ ಹೋದರೆ ಮಾತ್ರ ನಿಂತಿತು ಎಂದು ಲೆಕ್ಕ. ನಿನ್ನದು ಇನ್ನೂ ನಿಂತಿಲ್ಲ, ನಿಲ್ಲುವ ದಾರಿಯಲ್ಲಿದೆ. ಈ ಹಂತದಲ್ಲೇ ತೊಂದರೆ ಹೆಚ್ಚು.

ಹಾರ್ಮೋನಿನ ದೊಡ್ಡ ಕೆಲಸ ಬಿಸಿಯೇರುವುದನ್ನು, ರಾತ್ರಿ ಬೆವರನ್ನು ತಗ್ಗಿಸುವುದು. ನಿದ್ದೆ ಬಂದರೆ ಅರ್ಧ ಮನಸ್ಸು ತಾನೇ ಸರಿಯಾಗುತ್ತದೆ. ಮುಟ್ಟು ನಿಲ್ಲುವ ದಾರಿಯಲ್ಲಿರುವವರ ಖಿನ್ನತೆಗೂ ಈಸ್ಟ್ರೋಜನ್ ನೇರವಾಗಿ ಉಪಯೋಗವಾದದ್ದನ್ನು ಕೆಲವು ಚಿಕ್ಕ ಅಧ್ಯಯನಗಳಲ್ಲಿ ಕಂಡಿದ್ದಾರೆ. ನಿಂತು ಬಹಳ ವರ್ಷ ಆದವರಲ್ಲಿ ಹಾಗೆ ಕಂಡಿಲ್ಲ. ಆದರೂ ಖಿನ್ನತೆಗೆಂದೇ ಒಪ್ಪಿಗೆ ಸಿಕ್ಕ ಔಷಧ ಅದಲ್ಲ. ನಿನ್ನ ಹಾಗೆ ಎರಡು ತಿಂಗಳು ಏಳಲಾರದೇ ಕೂತವರಿಗೆ ಡಿಪ್ರೆಶನ್ ಗುಳಿಗೆ, ಮಾತಿನ ಚಿಕಿತ್ಸೆಯೇ ಮೊದಲು ಎಂದು 2018ರಲ್ಲಿ ಅಮೆರಿಕದ ಋತುಬಂಧ ತಜ್ಞರು, ಮನೋವೈದ್ಯರು ಕೂತು ಬರೆದಿದ್ದಾರೆ. ನಿನ್ನ ಹುಬ್ಬಳ್ಳಿ ಡಾಕ್ಟರು ಮಾಡಿದ್ದು ಅದೇ.

ಇದರ ಉಲ್ಟಾ ತಪ್ಪನ್ನೂ ಹೇಳಬೇಕು. ಮುಟ್ಟು ನಿಲ್ಲುವಾಗ ಸುಮ್ನೆ ಬೇಸರ, ಸಿಡಿಮಿಡಿ ಎಂದು ಹೋದವರಿಗೆಲ್ಲ ಡಿಪ್ರೆಶನ್ ಗುಳಿಗೆ ಬರೆದುಕೊಡುವ ಅಭ್ಯಾಸವೂ ಇದೆ. ಖಿನ್ನತೆ ಇಲ್ಲದವರಲ್ಲಿ ಅದು ಮನಸ್ಸನ್ನು ಹಗುರ ಮಾಡುತ್ತದೆ ಎನ್ನಲು ಸ್ಪಷ್ಟ ಆಧಾರ ಇಲ್ಲ ಎಂದು ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲೇ ಬರೆಯಿತು. ನಿನಗೆ ಖಿನ್ನತೆಯೂ ಇತ್ತು, ಬಿಸಿಯೂ ಇದೆ. ಹಾಗಾಗಿ ಎರಡು.

ಕ್ಯಾನ್ಸರ್ ಮಾತು. ಆ ಹೆದರಿಕೆ 2002ರದ್ದು. ಅಮೆರಿಕದ ಒಂದು ದೊಡ್ಡ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಿದರು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಕೊಟ್ಟದ್ದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಗುಳಿಗೆ, ಜೊತೆಗೆ ಕೃತಕ ಪ್ರೊಜೆಸ್ಟಿನ್. ಸ್ತನ ಕ್ಯಾನ್ಸರ್ ಹೆಚ್ಚಾದದ್ದು ನಿಜ. ಎಷ್ಟು? ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38. ಎಂಟು ಜಾಸ್ತಿ. ಅದು ಸೊನ್ನೆಯಲ್ಲ, ಮುಚ್ಚಿಡಬಾರದು. ಆದರೆ ‘ತಗೊಂಡರೆ ಬಂದೇ ಬರುತ್ತದೆ’ ಎನ್ನುವ ಮಾತೂ ಅಲ್ಲ. 60 ದಾಟದವರಿಗೆ, ಮುಟ್ಟು ನಿಂತು ಹತ್ತು ವರ್ಷದ ಒಳಗಿನವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು ತೂಗುತ್ತದೆ ಎಂದು ಈಗಿನ ತಜ್ಞರ ಅಭಿಪ್ರಾಯ. ಜೆಲ್ ಚರ್ಮದಿಂದ ಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಭಯ ಗುಳಿಗೆಗಿಂತ ಕಡಿಮೆ.

ಅಡ್ಡಿ ಯಾರಿಗೆ? ಸ್ತನ ಕ್ಯಾನ್ಸರ್ ಆದವರು, ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಲಕ್ವ ಅಥವಾ ಹಾರ್ಟ್ ಅಟ್ಯಾಕ್ ಆದವರು, ಲಿವರ್ ಕೆಟ್ಟವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು. ಹದಿನೆಂಟು ದಿನಕ್ಕೇ ಆಗುತ್ತದೆ ಅಂದೆಯಲ್ಲ, ಗರ್ಭಕೋಶದ ಸ್ಕ್ಯಾನ್ ಮಾಡಿಸಿದ್ದಾರಾ? ಬಿಪಿ, ಸ್ತನ ಪರೀಕ್ಷೆ? ಇಲ್ಲದಿದ್ದರೆ ಮೊದಲು ಅದು.

ಇಲ್ಲಿ ‘ಪ್ರೊಜೆಸ್ಟರಾನ್ ಬೇಡ, ಜೆಲ್ ಸಾಕು’ ಅನ್ನುವವರು ಬಂದೇ ಬರುತ್ತಾರೆ. ಕೇಳಬೇಡ. ಗರ್ಭಕೋಶ ಇದ್ದವರು ಬರೀ ಈಸ್ಟ್ರೋಜನ್ ತಗೊಂಡರೆ ಒಳಪದರ ಬೆಳೆಯುತ್ತಾ ಹೋಗಿ ಗರ್ಭಕೋಶದ ಕ್ಯಾನ್ಸರಿಗೆ ದಾರಿಯಾಗುತ್ತದೆ. ಆಪರೇಶನ್ ಆಗಿ ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಪ್ರೊಜೆಸ್ಟರಾನಿನ ಗರಜಿಲ್ಲ.

ಕೊನೆಯದು, ನನ್ನ ಅನುಭವದ ಮಾತು. ಎರಡರಲ್ಲಿ ಒಂದನ್ನು ಹಿಡಿ, ಅದು ನೆಲೆಯಾಗಲಿ, ಆಮೇಲೆ ಇನ್ನೊಂದು. ನಿನ್ನದು ಹೇಗೂ ಹಾಗೇ ಆಗಿದೆ. ಒಂದೇ ದಿನ ಎರಡೂ ಶುರು ಮಾಡಿದರೆ ಯಾವುದರಿಂದ ಗುಣ, ಯಾವುದರಿಂದ ಕಾಟ ಎಂದು ದೇವರಿಗೂ ಗೊತ್ತಾಗುವುದಿಲ್ಲ.

ಹೊಳೆಸಾಲು, ಕುಮಟಾ · ಜುಲೈ 7

ಸಿಸ್ಟರ್ ಕೊನೆಗೆ ಹೇಳಿದ್ದನ್ನು ನಾನು ಅನುಭವಿಸಿದ್ದೇನೆ. ನನಗೆ ಎರಡೂ ಒಂದೇ ವಾರ ಶುರುವಾಯಿತು. ಒಬ್ಬ ಡಾಕ್ಟರು ಸೋಮವಾರ, ಇನ್ನೊಬ್ಬರು ಗುರುವಾರ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಲಿಲ್ಲ. ನಾಚಿಕೆ, ಮತ್ತೇನಿಲ್ಲ.

ಪ್ರೊಜೆಸ್ಟರಾನ್ 200 ರಾತ್ರಿ ಮಲಗುವಾಗ ಎಂದು ಚೀಟಿಯಲ್ಲಿತ್ತು. ನಾನು ಓದಲಿಲ್ಲ. ಬೆಳಿಗ್ಗೆ ಚಹಾದ ಜೊತೆ ನುಂಗಿ ಶಿರಸಿ ಬಸ್ಸು ಹತ್ತಿದೆ. ನನ್ನ ಶಾಲೆ ಘಟ್ಟ ಹತ್ತಿದ ಮೇಲೆ ಸಿಗುವ ಊರಿನಲ್ಲಿ. ದೇವಿಮನೆ ಘಟ್ಟದ ತಿರುವಿನಲ್ಲಿ ಸಾಮಾನ್ಯವಾಗಿ ಯಾರೂ ನಿದ್ದೆ ಮಾಡುವುದಿಲ್ಲ. ನಾನು ಮಾಡಿದೆ. ಎಚ್ಚರವಾದಾಗ ಬಸ್ಸು ಶಿರಸಿ ಸ್ಟ್ಯಾಂಡಿನಲ್ಲಿ ನಿಂತಿತ್ತು, ಕಂಡಕ್ಟರ್ ‘ಟೀಚರ್, ಇವತ್ತು ಜಾತ್ರೆಯಾ?’ ಎಂದು ಕೇಳುತ್ತಿದ್ದ. ಆವತ್ತು ಅರ್ಧ ದಿನದ ರಜೆ ಹೋಯಿತು.

ಈ ಕ್ಯಾಪ್ಸೂಲು ನಿದ್ದೆ ತರಿಸುತ್ತದೆ. ಅದಕ್ಕೇ ರಾತ್ರಿ. ಗೊತ್ತಾದ ಮೇಲೆ ಅದೇ ನನಗೆ ವರವಾಯಿತು, ಹಾಸಿಗೆಗೆ ಬಿದ್ದರೆ ಬೆಳಗು.

ಆದರೆ ಅದು ತಗೊಳ್ಳುವ ಹನ್ನೆರಡು ದಿನದಲ್ಲಿ ಕೊನೆಯ ನಾಲ್ಕು ದಿನ ಮನಸ್ಸು ಸ್ವಲ್ಪ ಭಾರ. ಮುಟ್ಟಿನ ಮೊದಲಿನ ದಿನಗಳ ಹಾಗೆ. ಡಾಕ್ಟರಿಗೆ ಹೇಳಿದೆ. ಪ್ರೊಜೆಸ್ಟರಾನ್ ಕೆಲವರ ಮನಸ್ಸಿಗೆ ಹಾಗೆ ಮಾಡುತ್ತದಂತೆ, ಡೋಸು ಅಥವಾ ಬಗೆ ಬದಲಿಸಿ ನೋಡಬಹುದಂತೆ. ನಾವೇ ಬಿಡಬಾರದು ಅಷ್ಟೇ.

ಕಡಲಹೊಂಗೆ, ಕಾರವಾರ · ಜುಲೈ 8

ನನ್ನ ವಿಷಯ ಬೇರೆ. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರ್. ಆಪರೇಶನ್ ಆಯಿತು, ಈಗ ಕ್ಯಾನ್ಸರ್ ಮರಳದಂತೆ ಕೊಡುವ ಟ್ಯಾಮಾಕ್ಸಿಫೆನ್ ಗುಳಿಗೆ ನಡೆಯುತ್ತಿದೆ. ನನಗೆ ಹಾರ್ಮೋನು ಮುಟ್ಟುವ ಹಾಗಿಲ್ಲ. ಬಿಸಿಯಂತೂ ಕೇಳಬೇಡಿ, ಕಾರವಾರದ ಮೇ ತಿಂಗಳ ಸೆಕೆಯ ಮೇಲೆ ಇನ್ನೊಂದು ಸೆಕೆ.

ನನ್ನಂಥವರು ಯಾರಾದರೂ ಓದುತ್ತಿದ್ದರೆ ಎಂದು ಬರೆಯುತ್ತೇನೆ. ಡಿಪ್ರೆಶನ್ ಗುಳಿಗೆಗಳಲ್ಲಿ ಕೆಲವು ಬಿಸಿಯನ್ನೂ ತಗ್ಗಿಸುತ್ತವೆ. ನನಗೆ ವೆನ್ಲಾಫ್ಯಾಕ್ಸಿನ್ ಕೊಟ್ಟಿದ್ದಾರೆ. ಪೂರ್ತಿ ಹೋಗಿಲ್ಲ, ದಿನಕ್ಕೆ ಹತ್ತು ಸಲ ಇದ್ದದ್ದು ನಾಲ್ಕಕ್ಕೆ ಬಂದಿದೆ. ಆದರೆ ಟ್ಯಾಮಾಕ್ಸಿಫೆನ್ ತಗೊಳ್ಳುವವರಿಗೆ ಪ್ಯಾರೊಕ್ಸೆಟಿನ್, ಫ್ಲೂಓಕ್ಸೆಟಿನ್ ಆಗುವುದಿಲ್ಲ. ಟ್ಯಾಮಾಕ್ಸಿಫೆನ್ ಲಿವರಿನಲ್ಲಿ ಬದಲಾಗಿ ಕೆಲಸಕ್ಕೆ ಬರುವುದನ್ನು ಅವು ತಡೆಯುತ್ತವೆ. ನನಗೆ ಮೊದಲು ಒಬ್ಬರು ಫ್ಲೂಓಕ್ಸೆಟಿನ್ ಬರೆದಿದ್ದರು. ಕ್ಯಾನ್ಸರ್ ಡಾಕ್ಟರು ನೋಡಿ ತಕ್ಷಣ ಬದಲಿಸಿದರು. ನಾನು ಚೀಟಿ ತೋರಿಸದೇ ಇದ್ದಿದ್ದರೆ?

ಅದಕ್ಕೇ ನನ್ನ ಬ್ಯಾಗಿನಲ್ಲಿ ಈಗ ಒಂದೇ ಫೈಲು. ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಅದೇ ಫೈಲು.

ತೋಟದಮನೆ, ಶಿರಸಿ ಕಡೆ · ಜುಲೈ 8

ಎಲ್ಲರಿಗೂ ತುಂಬಾ ಉಪಕಾರ. ಸಿಸ್ಟರ್, ಸ್ಕ್ಯಾನ್ ಆಗಿದೆ, ತೊಂದರೆ ಇಲ್ಲ ಅಂದರು. ಬಿಪಿ ಸರಿ ಇದೆ. ಮ್ಯಾಮೊಗ್ರಾಂ ಇನ್ನೂ ಆಗಿಲ್ಲ. ಇನ್ನೊಂದು ಹೇಳಲು ಮರೆತೆ, ನನಗೆ ಥೈರಾಯ್ಡ್ ಗುಳಿಗೆ 50 ಎಂಟು ವರ್ಷದಿಂದ ಇದೆ. ಅದಕ್ಕೂ ಇದಕ್ಕೂ ಏನಾದರೂ ಇದೆಯಾ?

ಹಳೇ ಸಿಸ್ಟರ್, ಅಂಕೋಲಾ · ಜುಲೈ 8

ಇದೆ, ಕೇಳಿದ್ದು ಒಳ್ಳೆಯದಾಯಿತು. ಈಸ್ಟ್ರೋಜನ್ನನ್ನು ಗುಳಿಗೆಯಾಗಿ ನುಂಗಿದರೆ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಡುವ ಪ್ರೊಟೀನು ರಕ್ತದಲ್ಲಿ ಹೆಚ್ಚುತ್ತದೆ, 50 ಸಾಲದೇ ಹೋಗಬಹುದು. ಜೆಲ್‌ನಲ್ಲಿ ಆ ತೊಂದರೆ ಅಷ್ಟಿಲ್ಲ. ಆದರೂ ಥೈರಾಯ್ಡಿನ ರಕ್ತಪರೀಕ್ಷೆ ಟಿಎಸ್‌ಎಚ್ ಒಮ್ಮೆ ಮಾಡಿಸು. ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಹೀಗೇ ಮಂಕಾಗುತ್ತದೆ. ಹಿಮೋಗ್ಲೋಬಿನ್, ಬಿ12 ಸಹ ನೋಡಿಸು. ನೀವು ಮೀನು ಮೊಟ್ಟೆ ಏನೂ ಮುಟ್ಟದವರಾದರೆ ಬಿ12 ಕಡಿಮೆ ಇರುವುದು ಸಾಮಾನ್ಯ.

ಮತ್ತೆ, ಮಂಡಿನೋವು ಎಂದು ಡೈಕ್ಲೊಫೆನಾಕ್ ನುಂಗುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಹೇಳು. ಎಸ್ಸಿಟಾಲೊಪ್ರಾಮ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಹೆಚ್ಚು. ಹಾರ್ಮೋನಿಗಿಂತ ಈ ನೋವಿನ ಗುಳಿಗೆಯ ಜೋಡಿಯೇ ನನಗೆ ಜಾಸ್ತಿ ಹೆದರಿಕೆ. ಅದನ್ನು ಮಾತ್ರ ಯಾವ ಅತ್ತಿಗೆಯೂ ಕೇಳುವುದಿಲ್ಲ.

ಶರಾವತಿ ದಂಡೆ, ಹೊನ್ನಾವರ · ಜುಲೈ 9

ಇಲ್ಲಿ ಗಂಡಸರು ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ತಪ್ಪಾದರೆ ಕ್ಷಮಿಸಿ.

ನನ್ನ ಹೆಂಡತಿ ಏಳು ತಿಂಗಳಿಂದ ಇದೇ ತರದ ಗುಳಿಗೆಯಲ್ಲಿದ್ದಾಳೆ. ಆರಾಮಾಗಿದ್ದಳು. ‘ಇನ್ನೆಂತಕ್ಕೆ ಮಾರಾಯ್ತಿ, ಬಿಟ್ಟುಬಿಡು, ಅಭ್ಯಾಸವಾಗುತ್ತದೆ’ ಎಂದು ನಾನೇ ಹೇಳಿದೆ. ಅವಳು ಒಮ್ಮೆಲೇ ಬಿಟ್ಟಳು. ಮೂರನೇ ದಿನ ತಲೆ ತಿರುಗುವುದು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಂ ಅನ್ನುವುದು. ಮಿದುಳಿಗೇನೋ ಆಯಿತು ಎಂದು ರಾತ್ರಿ ಕಾರು ಮಾಡಿಕೊಂಡು ಮಣಿಪಾಲಕ್ಕೆ ಓಡಿದೆವು. ಗುಳಿಗೆ ತಟ್ಟನೆ ಬಿಟ್ಟದ್ದೇ ಕಾರಣ ಅಂದರು. ವಾರಗಟ್ಟಲೆ ಹಂತಹಂತವಾಗಿ ಇಳಿಸಬೇಕಂತೆ. ಚಟ ಹಿಡಿಸುವ ಔಷಧವೂ ಅಲ್ಲವಂತೆ.

ಇನ್ನೊಂದು ಕೇಳಬೇಕು, ಮುಜುಗರವಾಗುತ್ತದೆ. ಗುಳಿಗೆ ಶುರುವಾದ ಮೇಲೆ ಅವಳಿಗೆ ಅದರಲ್ಲಿ ಆಸಕ್ತಿಯೇ ಹೋಗಿದೆ. ನನ್ನ ಮೇಲೆ ಬೇಸರ ಅಂತ ನಾನು ತಿಳಿದಿದ್ದೆ.

ಹಳೇ ಸಿಸ್ಟರ್, ಅಂಕೋಲಾ · ಜುಲೈ 9

ತಮ್ಮಾ, ಕೇಳಿದ್ದಕ್ಕೆ ಸಂತೋಷ. ಬೇಸರ ಅಲ್ಲ. ಈ ಗುಳಿಗೆಗಳಿಂದ ಹಾಗಾಗುತ್ತದೆ, ಚೀಟಿ ಬರೆಯುವವರು ಹೇಳುವುದು ಕಡಿಮೆ. ಈಸ್ಟ್ರೋಜನ್ ಇಳಿದು ಒಳಗೆ ಒಣಗುವುದೂ ಕಾರಣವಿರಬಹುದು. ಅದಕ್ಕೆ ಆ ಜಾಗಕ್ಕೇ ಹಚ್ಚುವ ಈಸ್ಟ್ರೋಜನ್ ಕ್ರೀಂ ಇದೆ. ಗುಳಿಗೆಯಿಂದಾದರೆ ಡೋಸು ತಗ್ಗಿಸುವುದು, ಬೇರೆ ಗುಳಿಗೆಗೆ ಬದಲಿಸುವುದು ಎಲ್ಲ ಇದೆ. ಇಬ್ಬರೂ ಒಟ್ಟಿಗೆ ಹೋಗಿ ಕೇಳಿ.

ಗದ್ದೆಬಯಲು, ಸಿದ್ದಾಪುರ · ಜುಲೈ 10

ಎಲ್ಲರ ಕತೆಯಲ್ಲೂ ಹುಬ್ಬಳ್ಳಿ, ಮಣಿಪಾಲ, ಇಲ್ಲವೇ ಗೋವಾ. ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಕೂಗಿ ಕೂಗಿ ಗಂಟಲು ಒಣಗಿತು. ಆ ಮಾತು ಇಲ್ಲಿ ಬೇಡ, ಶುರು ಮಾಡಿದರೆ ನಿಲ್ಲುವುದಿಲ್ಲ.

ದೂರ ಹೋಗಲಾರದವರಿಗೆ ಎರಡು ದಾರಿ ಗೊತ್ತು. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ಬರುವ ಪದ್ಧತಿ ಇದೆ. ಯಾವ ವಾರ ಎಂದು ಮೊದಲೇ ವಿಚಾರಿಸಿ ಹೋಗಿ. ಇನ್ನೊಂದು ಟೆಲಿ ಮನಸ್, 14416. 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತದೆ. ಬದುಕೇ ಬೇಡ ಅನ್ನಿಸುವ ಯೋಚನೆ ಬಂದವರು ಜೆಲ್ಲೋ ಗುಳಿಗೆಯೋ ಎಂದು ಓದುತ್ತಾ ಕೂರಬೇಡಿ. ಮನೆಯವರನ್ನು ಎಬ್ಬಿಸಿ, ಆ ನಂಬರಿಗೆ ಮಾಡಿ, ಆಸ್ಪತ್ರೆಗೆ ಹೋಗಿ.

ಕಾಡಂಚು, ಯಲ್ಲಾಪುರ · ಜುಲೈ 11

ಎಲ್ಲ ಓದಿದೆ. ನನ್ನ ತಂಬುಳಿಯನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಅಜ್ಜಿಯ ಕತೆ ಓದಿದ ಮೇಲೆ ಆಯಿಗೆ ಫೋನ್ ಮಾಡಿ ಕೇಳಿದೆ, ನಿನಗೆ ಹೇಗಿತ್ತು ಅಂತ. ಅವಳು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ‘ಈಗ ಯಾಕೆ ಅದೆಲ್ಲ’ ಅಂದಳು.

ಒಂದು ಕೇಳುತ್ತೇನೆ. ಆನ್‌ಲೈನಿನಲ್ಲಿ ‘ನೈಸರ್ಗಿಕ ಮೂಡ್ ಗುಳಿಗೆ’ ಅಂತ ಬರುತ್ತವಲ್ಲ, ತಂಗಿ ತರಿಸಿದ್ದಾಳೆ. ಅವಳೂ ಎಸ್ಸಿಟಾಲೊಪ್ರಾಮ್‌ನಲ್ಲಿದ್ದಾಳೆ. ಗಿಡಮೂಲಿಕೆ ಅಂದಮೇಲೆ ಸರಿ ಅಲ್ವಾ?

ಹಳೇ ಸಿಸ್ಟರ್, ಅಂಕೋಲಾ · ಜುಲೈ 11

ಡಬ್ಬಿಯ ಹಿಂದೆ ಸೇಂಟ್ ಜಾನ್ಸ್ ವರ್ಟ್ ಎಂದು ಬರೆದಿದೆಯಾ ನೋಡು. ಇದ್ದರೆ ಇವತ್ತೇ ನಿಲ್ಲಿಸಲಿ, ಡಾಕ್ಟರಿಗೂ ಹೇಳಲಿ. ಅದೂ ಗಿಡಮೂಲಿಕೆಯೇ. ಆದರೆ ಎಸ್ಸಿಟಾಲೊಪ್ರಾಮ್ ಜೊತೆ ಸೇರಿದರೆ ಸಿರೊಟೋನಿನ್ ಮಿತಿಮೀರಿ ಜ್ವರ, ನಡುಕ, ಗಾಬರಿ ಬರಬಹುದು. ಹಾರ್ಮೋನ್ ಔಷಧದ ಬಲವನ್ನೂ ಅದು ತಗ್ಗಿಸುತ್ತದೆ. ತಂಬುಳಿ ತಿನ್ನು, ಯಾರೂ ಬೇಡ ಅನ್ನುವುದಿಲ್ಲ.

ತೋಟದಮನೆ, ಶಿರಸಿ ಕಡೆ · ಸೆಪ್ಟೆಂಬರ್ 21

ಚೌತಿಯ ಗದ್ದಲ ಮುಗಿಯಿತು. ಏನಾಯಿತು ಎಂದು ಬರೆಯದಿದ್ದರೆ ಸರಿಯಲ್ಲ.

ಒಂದೇ ಫೈಲು ಮಾಡಿದೆ. ಹುಬ್ಬಳ್ಳಿ ಡಾಕ್ಟರಿಗೆ ಗೈನಿಕ್ ಚೀಟಿ ತೋರಿಸಿದೆ. ಅವರು ‘ಧಾರಾಳವಾಗಿ ತಗೊಳ್ಳಿ, ಆದರೆ ನನ್ನ ಗುಳಿಗೆ ಈಗಲೇ ಬಿಡಬೇಡಿ’ ಅಂದರು. ಎಸ್ಸಿಟಾಲೊಪ್ರಾಮಿನಿಂದಲೂ ಕೆಲವರಿಗೆ ಬೆವರು ಬರುತ್ತದಂತೆ, ಯಾವುದರ ಬೆವರು ಎಂದು ಜೆಲ್ ಹಚ್ಚಿದ ಮೇಲೆ ಗೊತ್ತಾಗುತ್ತದೆ ಅಂದರು. ಮ್ಯಾಮೊಗ್ರಾಂ ಸರಿ ಬಂತು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಆಯಿತು.

ಜೆಲ್ ಶುರು ಮಾಡಿ ಎರಡು ತಿಂಗಳು. ತೊಡೆಗೆ ಹಚ್ಚಿ ಒಣಗಲು ಬಿಡುತ್ತೇನೆ, ಕೈ ಸೋಪಿನಲ್ಲಿ ತೊಳೆಯುತ್ತೇನೆ. ನಾದಿನಿಯ ಮೊಮ್ಮಗು ಮಡಿಲಿಗೆ ಬರುತ್ತದೆ, ಮಕ್ಕಳ ಚರ್ಮಕ್ಕೆ ತಾಗಬಾರದು ಎಂದಿದ್ದಾರೆ. ಮೊದಲ ಎರಡು ವಾರ ಏನೂ ಗೊತ್ತಾಗಲಿಲ್ಲ. ಮೂರನೇ ವಾರ ಒಂದು ದಿನ ಎಚ್ಚರವಾದಾಗ ಗಂಟೆ ಐದು. ಗಡಿಯಾರ ಕೆಟ್ಟಿದೆ ಎಂದುಕೊಂಡೆ. ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಅದರಲ್ಲಿ ಸ್ವಲ್ಪ ನನ್ನ ಹುಟ್ಟುಗುಣ ಎಂದು ಮನೆಯವರು ಹೇಳುತ್ತಾರೆ.

ಈಗ ಹೊಸ ಪೇಚು. ಪ್ರೊಜೆಸ್ಟರಾನ್ ತಿಂಗಳಿಗೆ ಹನ್ನೆರಡು ರಾತ್ರಿ ತಗೊಂಡು ಬಿಟ್ಟರೆ ಎರಡು ದಿನಕ್ಕೆ ಮುಟ್ಟಿನ ಹಾಗೆ ಆಗುತ್ತದೆ. ಅದು ಆಗಬೇಕಾದದ್ದೇ, ಒಳಪದರ ಸ್ವಚ್ಛವಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅತ್ತೆಯವರಿಗೆ ಯಾರು ಹೇಳಬೇಕು? ‘ನಿಲ್ಲುತ್ತದೆ ಎಂದು ಔಷಧಿ ಮಾಡಿದರೆ ಕ್ಯಾಲೆಂಡರ್ ನೋಡಿದ ಹಾಗೆ ಬರುತ್ತಿದೆಯಲ್ಲೇ’ ಅಂದರು. ಆಮೇಲೆ ಅವರದೇ ಪ್ರಶ್ನೆ: ಗುಳಿಗೆಯಿಂದ ಬಂದ ಮುಟ್ಟಿಗೂ ಮೂರು ದಿನ ಹೊರಗೆ ಕೂರಬೇಕಾ?

ಹಳೇ ಸಿಸ್ಟರ್, ಅಂಕೋಲಾ · ಸೆಪ್ಟೆಂಬರ್ 21

31 ವರ್ಷದಲ್ಲಿ ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ.

ಹೊಳೆಸಾಲು, ಕುಮಟಾ · ಸೆಪ್ಟೆಂಬರ್ 21

ಅಕ್ಕಾ, ಕೂರಬೇಕು ಅನ್ನಿ. ಮೂರು ದಿನ ಅಡುಗೆಮನೆಯಿಂದ ರಜೆ, ಅದೂ ಡಾಕ್ಟರ ಚೀಟಿ ಸಮೇತ.